ಸಂತೆಯಲ್ಲಿ ಸಿಕ್ಕ ಜರ್ಮನ್ ಸೈನ್ಯದ ನೀರಿನ ಬಾಟಲಿ, ಊಟದ ಡಬ್ಬಿ: ಯಾವ ಕಾಲದ್ದು ಅಂತ ಹೇಗೆ ತಿಳಿಯುವುದು?

ಸಿಂಧು_ಫ್ಯೂರ್ತ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಸಾಗರ. ಈಗ ಇರುವುದು ಜರ್ಮನಿಯ ಫ್ಯೂರ್ತ್‌ನಲ್ಲಿ. ಪಕ್ಕದ ನ್ಯೂರ್ನ್‌ಬರ್ಗ್‌ನಲ್ಲಿ ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಟ್ರೆಂಪೆಲ್‌ಮಾರ್ಕ್ಟ್ ಅಂತ ಹಳೆ ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ. ಈ ಸಲ ಅಲ್ಲಿ ಒಬ್ಬ ಅಜ್ಜಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. "ನಮ್ಮ ಅಪ್ಪನದು, ಅಟ್ಟದ ಮೇಲಿತ್ತು, ರಷ್ಯಾದ ಯುದ್ಧಕ್ಕೆ ಹೋದಾಗಿನದು" ಅಂದರು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ನಾಲ್ಕು ಸಾಮಾನು ತಂದೆ.

ಒಂದು, ನೀರಿನ ಬಾಟಲಿ. ಕಂದು ಬಣ್ಣದ ಫೆಲ್ಟ್ (ಉಣ್ಣೆ ಒತ್ತಿ ಮಾಡಿದ ದಪ್ಪ ಬಟ್ಟೆ) ಹೊದಿಕೆ ಇದೆ, ಪಕ್ಕದಲ್ಲಿ ಟಿಚ್ ಬಟನ್‌ಗಳು. ಮೇಲೆ ಕಪ್ಪು ಬಣ್ಣದ ಲೋಟ, ಅದನ್ನು ಬಿಗಿಯುವ ಚರ್ಮದ ಪಟ್ಟಿ. ಬಾಟಲಿಯ ಕುತ್ತಿಗೆಯ ಹತ್ತಿರ ಮೂರು ಅಕ್ಷರ, ಆಮೇಲೆ 39 ಅಂತಿದೆ. ಲೋಟದ ಮೇಲೆ ಮಾತ್ರ 41.

ಎರಡು, ಗೋಡಂಬಿ ಆಕಾರದ ಊಟದ ಡಬ್ಬಿ. ಹಸಿರು ಬಣ್ಣ. ಪಾತ್ರೆ, ಮುಚ್ಚಳ, ಮಧ್ಯೆ ಕೂರುವ ಒಂದು ಬಟ್ಟಲು, ಒಟ್ಟು ಮೂರು ಭಾಗ.

ಮೂರು, ಅಂಗೈಯಗಲದ ಮಡಚುವ ತಗಡಿನ ಒಲೆ. ಎಸ್‌ಬಿಟ್ ಅಂತ ಬರೆದಿದೆ.

ನಾಲ್ಕು, ಕಿತ್ತಳೆ ಬಣ್ಣದ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಡಬ್ಬಿ, ತಿರುಗಿಸುವ ಮುಚ್ಚಳದ್ದು. ಬೆಣ್ಣೆ ಇಡುವುದಕ್ಕೆ ಅಂದರು.

ಪಕ್ಕದ ಅಂಗಡಿಯವನು ಇದನ್ನೆಲ್ಲ ನೋಡಿ, "1931ರ ಮಾಲು" ಅಂದ. ಅವನ ಹತ್ತಿರ ಹದ್ದಿನ ಚಿಹ್ನೆಯ ಬೆಲ್ಟ್ ಬಕಲ್ ಇತ್ತು, ಮಧ್ಯದಲ್ಲಿ ಕಾಗದದ ಚೀಟಿ ಅಂಟಿಸಿದ್ದ. ಬೆಲೆ ಜಾಸ್ತಿ ಹೇಳಿದ, ತೆಗೆದುಕೊಳ್ಳಲಿಲ್ಲ. ಬಿಟ್ಟು ಬಂದಿದ್ದು ತಪ್ಪಾಯಿತಾ?

ನನಗೆ ಮಾರುವ ಯೋಚನೆ ಇಲ್ಲ. ಕೈಯಲ್ಲಿ ಹಿಡಿದದ್ದು ನಿಜವಾಗಿ ಯಾವ ಕಾಲದ್ದು ಅಂತ ತಿಳಿಯಬೇಕು, ಅಷ್ಟೇ. ಬಾಟಲಿ ತುಂಬಾ ಕೊಳೆಯಾಗಿದೆ, ತೊಳೆಯಬಹುದಾ?

ಟೂಲ್‌ರೂಮ್_ಶಿವಣ್ಣ

ಸಿಂಧು ಅವರೇ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ತೊಳೆಯಬೇಡಿ. ಒಣ ಬ್ರಷ್‌ನಿಂದ ಧೂಳು ಕೊಡವಿ, ಸಾಕು. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಾನು ಬೆಂಗಳೂರಿನವನು. ಪ್ರೆಸ್ ಶಾಪ್, ಟೂಲ್‌ರೂಮ್ ಸೇರಿ 34 ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ತಗಡು ಒತ್ತುವುದು, ಪಂಚ್ ಹೊಡೆಯುವುದು, ರಿವಿಟ್ ಕೂರಿಸುವುದು ನನ್ನ ಅನ್ನದ ಕೆಲಸವಾಗಿತ್ತು. ಹಾಗಾಗಿ ಈ ಸಾಮಾನುಗಳನ್ನು ನಾನು ಸೈನ್ಯದ ಕಡೆಯಿಂದ ನೋಡುವುದಿಲ್ಲ, ಕಾರ್ಖಾನೆಯ ಕಡೆಯಿಂದ ನೋಡುತ್ತೇನೆ.

ಆ ಅಂಗಡಿಯವನು ಹೇಳಿದ 1931 ತಯಾರಾದ ವರ್ಷವಲ್ಲ. ಅದು ಮಾಡೆಲ್‌ನ ವರ್ಷ. ಬಾಟಲಿಗೆ ಫೆಲ್ಡ್‌ಫ್ಲಾಷೆ 31, ಊಟದ ಡಬ್ಬಿಗೆ ಕೋಖ್‌ಗೆಷಿರ್ 31 ಅಂತ ಹೆಸರು. ಆಗಿನ್ನೂ ಹಿಟ್ಲರ್ ಅಧಿಕಾರಕ್ಕೆ ಬಂದಿರಲಿಲ್ಲ. ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ 1 ಲಕ್ಷ ಜನರ ಸೈನ್ಯವನ್ನಷ್ಟೇ ಇಟ್ಟುಕೊಳ್ಳಬಹುದಿತ್ತು. ಆ ಸಣ್ಣ ಸೈನ್ಯಕ್ಕೆ ಮಾಡಿದ ವಿನ್ಯಾಸ ಇದು. ಅದನ್ನೇ 1945ರವರೆಗೆ ಒತ್ತುತ್ತಾ ಹೋದರು. ಆದ್ದರಿಂದ "31" ಅಂತ ಕೇಳಿದರೆ ವಸ್ತು ಯಾವ ವಂಶದ್ದು ಅಂತ ಗೊತ್ತಾಗುತ್ತದೆ, ಹುಟ್ಟಿದ ದಿನ ಗೊತ್ತಾಗುವುದಿಲ್ಲ.

ಹುಟ್ಟಿದ ವರ್ಷ ಇರುವುದು ನಿಮ್ಮ ಬಾಟಲಿಯ ಕುತ್ತಿಗೆಯಲ್ಲೇ. ಮೂರು ಅಕ್ಷರ ಕಾರ್ಖಾನೆಯದು, 39 ಅಂದರೆ 1939. ಲೋಟದ ಮೇಲೆ 41 ಇದೆ ಅಂತ ಬೇಸರ ಬೇಡ. ಲೋಟ ಕಳೆಯುತ್ತದೆ, ಜಜ್ಜಿ ಹೋಗುತ್ತದೆ, ಡಿಪೋದಲ್ಲಿ ಬೇರೆ ಕೊಡುತ್ತಾರೆ. ನನಗಂತೂ ಎಲ್ಲ ಭಾಗದ ಮೇಲೂ ಒಂದೇ ವರ್ಷ ಇದ್ದು, ಎಲ್ಲವೂ ಒಂದೇ ಹದಕ್ಕೆ ಹಳೆಯದಾಗಿದ್ದರೆ ಅನುಮಾನ ಜಾಸ್ತಿ.

ಈಗ ಒಂದು ಭೂತಗನ್ನಡಿ, ಒಂದು ಟಾರ್ಚ್ ತನ್ನಿ. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಆ 39ರ ಅಂಚು ನೋಡಿ. ಉಕ್ಕಿನ ಪಂಚ್ ಅಲ್ಯೂಮಿನಿಯಂ ಮೇಲೆ ಬಿದ್ದಾಗ ಲೋಹ ಎಲ್ಲಿಗೂ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಹೊಲದಲ್ಲಿ ನೇಗಿಲ ಸಾಲಿನ ಎರಡೂ ಬದಿಗೆ ಮಣ್ಣು ಏಳುವ ಹಾಗೆ ಅಕ್ಷರದ ಸುತ್ತ ಸಣ್ಣ ದಿಂಡು ಏಳುತ್ತದೆ. 80 ವರ್ಷ ಕೈ, ಬಟ್ಟೆ ತಾಗಿ ಆ ದಿಂಡು ನಯವಾಗಿರುತ್ತದೆ, ಆದರೆ ಇರುತ್ತದೆ. ಯಂತ್ರದಿಂದ ಕೊರೆದ ಅಕ್ಷರಕ್ಕೆ ದಿಂಡು ಇರುವುದಿಲ್ಲ, ಲೋಹವನ್ನು ಹೊರಗೆ ತೆಗೆದಿರುತ್ತಾರೆ. ತಳದಲ್ಲಿ ಸಣ್ಣ ಸಣ್ಣ ಗೆರೆ ಕಾಣುತ್ತವೆ. ಲೇಸರ್ ಆದರೆ ತಳ ಸುಟ್ಟ ಹಾಗೆ ಇರುತ್ತದೆ.

ಇನ್ನೊಂದು ಇದಕ್ಕಿಂತ ಮುಖ್ಯ. ಗುರುತು ಮೊದಲೋ, ಬಣ್ಣ ಮೊದಲೋ? ನಿಮ್ಮ ಲೋಟ ಕಪ್ಪು ಬಣ್ಣದ್ದು. ಕಾರ್ಖಾನೆಯಲ್ಲಿ ಪಂಚ್ ಮೊದಲು, ಬಣ್ಣ ಆಮೇಲೆ. ಹಾಗಾಗಿ 41ರ ಗುಂಡಿಯ ತಳದಲ್ಲಿ ಕಪ್ಪು ಬಣ್ಣ ಉಳಿದಿರಬೇಕು, ಉಬ್ಬಿದ ಅಂಚಿನಲ್ಲಿ ಸವೆದಿರಬೇಕು. ಉಲ್ಟಾ ಇದ್ದು, ಅಕ್ಷರ ಬಣ್ಣವನ್ನು ಸೀಳಿಕೊಂಡು ಹೋಗಿ ತಳದಲ್ಲಿ ಬಿಳಿ ಲೋಹ ಹೊಳೆಯುತ್ತಿದ್ದರೆ, ಆ ಗುರುತನ್ನು ಯಾರೋ ಆಮೇಲೆ ಹೊಡೆದಿದ್ದಾರೆ. ಹದ್ದು, ನಾಜಿಗಳ ಎಸ್‌ಎಸ್ ಪಡೆಯ ಗುರುತಾದ ಮಿಂಚಿನಂಥ ಎರಡು ಗೆರೆ, ಇಂಥವನ್ನು ಬೆಲೆ ಏರಿಸಲಿಕ್ಕೆ ಹೊಡೆಯುತ್ತಾರೆ. ಬಾಟಲಿಯ ಮೇಲೆ ಹದ್ದು ಇಲ್ಲ ಅಂದರೆ ಅದು ಕೊರತೆಯಲ್ಲ. ಕಾರ್ಖಾನೆಯ ಅಕ್ಷರ, ವರ್ಷ ಇದ್ದರೆ ಸಾಕು.

ಆಮೇಲೆ ಒಂದು ಆಯಸ್ಕಾಂತ ಹಿಡಿದು ನೋಡಿ. ಯುದ್ಧದ ಮೊದಲ ವರ್ಷಗಳಲ್ಲಿ ಬಾಟಲಿ, ಲೋಟ, ಡಬ್ಬಿ ಎಲ್ಲ ಅಲ್ಯೂಮಿನಿಯಂ. ಯುದ್ಧ ಲಂಬಿಸಿದ ಹಾಗೆ ಅಲ್ಯೂಮಿನಿಯಂ ವಿಮಾನಕ್ಕೆ ಬೇಕಾಯಿತು. ಆಗ ಲೋಟ, ಡಬ್ಬಿಗಳನ್ನು ಉಕ್ಕಿನಲ್ಲಿ ಮಾಡಿ ಎನಾಮಲ್ ಹಾಕಿದರು. ಆಯಸ್ಕಾಂತ ಕಚ್ಚಿದರೆ ಯುದ್ಧದ ಎರಡನೇ ಅರ್ಧದ್ದು. 1938 ಅಂತ ಬರೆದ ಲೋಟಕ್ಕೆ ಆಯಸ್ಕಾಂತ ಕಚ್ಚಿದರೆ ಅಲ್ಲೇ ಕೆಳಗಿಟ್ಟು ಬನ್ನಿ.

ಚರ್ಮದ ಪಟ್ಟಿಯ ಒಳಬದಿ ನೋಡಿದಿರಾ? 1942ರ ತನಕ ಸಾಮಾನ್ಯವಾಗಿ ತಯಾರಕರ ಹೆಸರು, ಊರು, ವರ್ಷ ಒತ್ತುತ್ತಿದ್ದರು. ಆಮೇಲೆ ಹೆಸರು ಮುಚ್ಚಿಟ್ಟು ನಂಬರ್ ಕೊಟ್ಟರು. ಸೊನ್ನೆ, ಓರೆಗೆರೆ, ನಾಲ್ಕು ಅಂಕಿ, ಓರೆಗೆರೆ, ಇನ್ನೂ ನಾಲ್ಕು ಅಂಕಿ. ರೈಷ್ಸ್‌ಬೆಟ್ರೀಬ್ಸ್‌ನುಮ್ಮರ್ ಅಂತ ಅದಕ್ಕೆ ಹೆಸರು. ಒಂದೇ ಪಟ್ಟಿಯ ಮೇಲೆ ಈ ನಂಬರೂ ಇದೆ, 1938 ಅಂತಲೂ ಇದೆ ಅಂದರೆ ಲೆಕ್ಕ ಕೂಡುವುದಿಲ್ಲ.

ಊಟದ ಡಬ್ಬಿ ಬಗ್ಗೆ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಯುದ್ಧಕಾಲದ ಡಬ್ಬಿಗೆ ಎರಡೇ ಭಾಗ: ಪಾತ್ರೆ, ಮತ್ತು ಹಿಡಿ ಇರುವ ಮುಚ್ಚಳ. ಮಧ್ಯದ ಬಟ್ಟಲು ಇರುವ ಮೂರು ಭಾಗದ್ದು ಯುದ್ಧ ಮುಗಿದ ಮೇಲಿನ ಪಶ್ಚಿಮ ಜರ್ಮನಿಯದು. ಅಲ್ಲಿನ ಸೈನ್ಯ ಬುಂಡೆಸ್‌ವೇರ್ ಹುಟ್ಟಿದ್ದೇ 1955ರ ನವೆಂಬರ್‌ನಲ್ಲಿ. ಹಿಡಿಯ ಹತ್ತಿರ, ಬಣ್ಣದ ಕೆಳಗೆ ವರ್ಷ ಇರಬಹುದು, ಪಕ್ಕದ ಬೆಳಕಿನಲ್ಲಿ ಹುಡುಕಿ. ಅಜ್ಜಿ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಅಟ್ಟದ ಮೇಲೆ ಅಪ್ಪನದು, ಅಣ್ಣನದು, ಗಂಡನದು ಎಲ್ಲ ಒಂದೇ ಪೆಟ್ಟಿಗೆ ಸೇರುತ್ತದೆ ಅಲ್ವಾ.

ಎಸ್‌ಬಿಟ್ ಒಲೆ ಸ್ಟಟ್‌ಗಾರ್ಟ್‌ನ ಎರಿಶ್ ಶುಮ್ ಅವರದು. 1936ರಲ್ಲಿ ಅವರ ಇಂಧನದ ಬಿಲ್ಲೆ ಬಂತು. ಅವರ ಹೆಸರಿನ ಮೊದಲಕ್ಷರಗಳಿಗೆ "ಬಿಲ್ಲೆ ರೂಪದ ಇಂಧನ" ಅನ್ನುವ ಜರ್ಮನ್ ಮಾತು ಸೇರಿಸಿ ಎಸ್‌ಬಿಟ್ ಮಾಡಿದರು. ಈ ಒಲೆಯ ಆಕಾರ ಇವತ್ತಿಗೂ ಹೆಚ್ಚು ಬದಲಾಗಿಲ್ಲ, ಅದಕ್ಕೇ ಮೋಸ ಹೋಗುವುದು ಸುಲಭ. ಇದರಲ್ಲಿ ಬರಹ ಓದಬೇಕು. ಡಿಆರ್‌ಪಿ ಅಥವಾ ಡಿಆರ್‌ಜಿಎಂ ಅಂತಿದ್ದರೆ ಹಳೆಯ ರೈಷ್ ಕಾಲದ, ಅಂದರೆ ಯುದ್ಧ ಮುಗಿಯುವ ಮೊದಲಿನ ಜರ್ಮನಿಯ ಪೇಟೆಂಟ್, ನೋಂದಣಿ. ಡಿಬಿಪಿ ಅಂತಿದ್ದರೆ ಅದು ಬುಂಡೆಸ್ ಪೇಟೆಂಟ್, ಅಂದರೆ ಪಶ್ಚಿಮ ಜರ್ಮನಿಯದು. ಯುದ್ಧದ ನಂತರದ ಪೇಟೆಂಟ್ ಕಚೇರಿ ಮ್ಯೂನಿಕ್‌ನಲ್ಲಿ ಬಾಗಿಲು ತೆರೆದದ್ದು 1949ರ ಅಕ್ಟೋಬರ್‌ನಲ್ಲಿ. ವಿಳಾಸ ಇದ್ದರೆ ಇನ್ನೂ ಒಳ್ಳೆಯದು. ಸ್ಟಟ್‌ಗಾರ್ಟ್ ಹಿಂದೆ 7000 ಅಂತ ನಾಲ್ಕು ಅಂಕಿಯ ಪಿನ್ ಇದ್ದರೆ 1961-62ರ ಈಚಿನದು. ಐದು ಅಂಕಿ ಬಂದಿದ್ದು 1993ರ ಜುಲೈ 1ರಿಂದ.

ಬೆಣ್ಣೆ ಡಬ್ಬಿಯ ತಳದಲ್ಲಿ ಒಂದು ಸಣ್ಣ ಮುದ್ರೆ, ಅದರ ಪಕ್ಕ ಅಂಕಿ, ಅಕ್ಷರ ಇರಬಹುದು. ಅದು ಬರ್ಲಿನ್-ಡಾಲೆಮ್‌ನ ವಸ್ತು ಪರೀಕ್ಷಾ ಕಚೇರಿಯ ಗುರುತು. ತಯಾರಕರು ಯಾರು, ಬೇಕಲೈಟ್ ಯಾವ ಬಗೆಯದು ಅಂತ ಹೇಳುತ್ತದೆ. ಅದೊಂದನ್ನೇ ಹಿಡಿದು ವರ್ಷ ಹೇಳಲು ಆಗುವುದಿಲ್ಲ. ಇಂಥ ಡಬ್ಬಿಯನ್ನು ಪ್ರವಾಸ ಹೋಗುವ ಸಾಮಾನ್ಯ ಜನರೂ ಬಳಸುತ್ತಿದ್ದರು.

ಬಕಲ್ ಬಿಟ್ಟು ಬಂದಿದ್ದು ತಪ್ಪಲ್ಲ, ಒಳ್ಳೆಯದೇ ಆಯಿತು. ಜರ್ಮನಿಯ ಅಪರಾಧ ಸಂಹಿತೆಯ 86ಎ ಕಲಮಿನ ಪ್ರಕಾರ ಸ್ವಸ್ತಿಕ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ. ಸಂಶೋಧನೆ, ಬೋಧನೆ, ಕಲೆ ಇಂಥದಕ್ಕೆ ವಿನಾಯಿತಿ ಇದೆ. ಚೀಟಿ ಅಂಟಿಸಿದ್ದು ಅದಕ್ಕೇ. ನಮ್ಮ ಕಡೆ ಸ್ವಸ್ತಿಕ ಅಂದರೆ ಬಾಗಿಲಿಗೆ ಬರೆಯುವ ಶುಭ ಚಿಹ್ನೆ, ಆದರೆ ನೀವಿರುವ ಊರಿನಲ್ಲಿ ಅದನ್ನು ನೋಡುವ ಕಣ್ಣೇ ಬೇರೆ. ಫೋಟೊ ಹಾಕುವಾಗಲೂ ಎಚ್ಚರ. ಮೇಲಾಗಿ ಬಕಲ್‌ಗಳಲ್ಲಿ ನಕಲಿ ಬಹಳ.

ಈಗ ತೊಳೆಯಬೇಡಿ ಅಂದಿದ್ದು ಯಾಕೆ ಅಂತ ಹೇಳುತ್ತೇನೆ.

ನಮ್ಮ ತಂದೆ ಸೈನ್ಯದ ಎಂಜಿನಿಯರಿಂಗ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಹಲಸೂರು ಕೆರೆ ಪಕ್ಕದ ಎಂಇಜಿ ಅಂದರೆ ಬೆಂಗಳೂರಿನವರಿಗೆ ಗೊತ್ತಾಗುತ್ತದೆ. ಅಲ್ಲಿಂದ ಉತ್ತರ ಆಫ್ರಿಕಾಕ್ಕೆ ಹೋಗಿದ್ದರು. 1943ರ ಮೇ ತಿಂಗಳಲ್ಲಿ ಟುನೀಸಿಯಾದಲ್ಲಿ ಜರ್ಮನ್ನರು, ಇಟಲಿಯವರು ಶರಣಾದಾಗ ರಸ್ತೆ ಬದಿಯಲ್ಲಿ ಬಿದ್ದಿದ್ದ ಒಂದು ಬಾಟಲಿಯನ್ನು ಎತ್ತಿಕೊಂಡರಂತೆ. ಊರಿಗೆ ಬಂದ ಮೇಲೂ ತೋಟಕ್ಕೆ ಹೋಗುವಾಗ ಅದರಲ್ಲೇ ನೀರು. ಅದಕ್ಕೆ ಫೆಲ್ಟ್ ಹೊದಿಕೆ ಇರಲಿಲ್ಲ. ಮೈಯೆಲ್ಲ ಕಂದು ಬಣ್ಣದ ಗಟ್ಟಿ ಚಿಪ್ಪು. ನಾವು ಮಕ್ಕಳು ಅದನ್ನು ತೆಂಗಿನಕಾಯಿ ಬಾಟಲಿ ಅನ್ನುತ್ತಿದ್ದೆವು. ಸಂಗ್ರಹಕಾರರು ಕೂಡ ಅದನ್ನು ತೆಂಗಿನಕಾಯಿ ಅಂತಲೇ ಕರೆಯುತ್ತಾರೆ ಅಂತ ನನಗೆ ತಿಳಿದಿದ್ದು ನಿವೃತ್ತಿಯ ನಂತರ. ಒಳಗೆ ಅಲ್ಯೂಮಿನಿಯಂ, ಹೊರಗೆ ಅಂಟು ಕುಡಿಸಿದ ಮರದ ಪದರ. ಬಿಸಿ ನಾಡಿಗೆ ಕಳಿಸುವ ಬಾಟಲಿಗೆ ಚರ್ಮದ ಬದಲು ದಪ್ಪ ಬಟ್ಟೆಯ ಪಟ್ಟಿ, ಯಾಕೆಂದರೆ ಮರಳುಗಾಡಿನಲ್ಲಿ ಚರ್ಮ ಒಣಗಿ ಸೀಳುತ್ತದೆ. ಲೋಟ ಬೇಕಲೈಟಿನದು.

ತಂದೆ ತೀರಿಕೊಂಡ ಮೇಲೆ ಅದನ್ನು ಚೆನ್ನಾಗಿ ಇಡಬೇಕು ಅಂತ ನಾನೇ ಕೂತು ಮರಳುಕಾಗದ ಉಜ್ಜಿದೆ. ವಾರ್ನಿಶ್ ಹೊಡೆದೆ. ಕುತ್ತಿಗೆಯ ಅಲ್ಯೂಮಿನಿಯಂಗೆ ಹುಣಸೆಹಣ್ಣು ಹಚ್ಚಿ ಬೆಳಗಿದೆ, ಮನೆಯಲ್ಲಿ ಹಿತ್ತಾಳೆ ಬೆಳಗುವ ಹಾಗೆ. ಹೊಳೆಯಿತು. 42 ಅನ್ನುವ ಅಂಕಿ ಉಳಿಯಿತು, ಅದರ ಹಿಂದಿನ ಅಕ್ಷರ ಅಳಿಸಿಯೇ ಹೋಯಿತು. ತಂದೆಯ ಕೈ ತಾಗಿ ಕಪ್ಪಾಗಿದ್ದ ಜಾಗ ಒಂದಿತ್ತು, ಹೆಬ್ಬೆರಳು ಕೂರುವ ಜಾಗ. ಅದೂ ಹೋಯಿತು. ಇವತ್ತಿಗೂ ಆ ಬಾಟಲಿ ಕೈಗೆತ್ತಿಕೊಂಡರೆ ನನ್ನ ಹೆಬ್ಬೆರಳು ಅಲ್ಲೇ ಹೋಗುತ್ತದೆ.

ಆದ್ದರಿಂದ ದಯವಿಟ್ಟು ಏನೂ ಹಚ್ಚಬೇಡಿ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಕೂಡ ಬೇಡ.

ಲೈಪ್‌ಜಿಗ್_ಮಧು

ಶಿವಣ್ಣ ಸರ್ ಹೇಳಿದ್ದಕ್ಕೆ ಪೂರ್ವ ಜರ್ಮನಿಯ ಕಡೆಯದನ್ನು ಸೇರಿಸುತ್ತೇನೆ. ಇಲ್ಲಿ ನಾನು ಒಂದು ಬಾಟಲಿ ತೆಗೆದುಕೊಂಡು ಹಣ ಕಳೆದುಕೊಂಡಿದ್ದೇನೆ. ಮಾರಿದವನು ರೊಮ್ಮೆಲ್ (ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ಸೇನಾಪತಿ) ಸೈನ್ಯದ್ದು ಅಂದಿದ್ದ.

ಪೂರ್ವ ಜರ್ಮನಿಯ ಸೈನ್ಯ ಶುರುವಾಗಿದ್ದು 1956ರ ಮಾರ್ಚ್ 1ರಂದು. ಅವರ ಡಬ್ಬಿ ಯುದ್ಧಕಾಲದ್ದರ ಹಾಗೇ ಎರಡು ಭಾಗದ್ದು, ಅದೇ ಗೋಡಂಬಿ ಆಕಾರ. ಬಣ್ಣ ಕೆರೆದು, ಹಸಿರು ಬಳಿದು "1940" ಅಂತ ಮಾರುತ್ತಾರೆ. ಹಾಗಾಗಿ ಎರಡು ಭಾಗ ಇದೆ ಅಂದ ಮಾತ್ರಕ್ಕೆ ಹಳೆಯದು ಅಂತ ನಂಬಬೇಡಿ.

ಎಲ್ಲಾದರೂ ವಿಇಬಿ ಅಂತ ಕಂಡರೆ ಅದು ಪೂರ್ವ ಜರ್ಮನಿಯ ಸರ್ಕಾರಿ ಕಾರ್ಖಾನೆ. ಇವಿಪಿ ಅಂತಿದ್ದರೆ ಅಂಗಡಿಯ ನಿಗದಿ ಬೆಲೆ, ಅಂದರೆ ಅದು ಸೈನ್ಯದ್ದಲ್ಲ, ಜನರಿಗೆ ಮಾರಿದ ಕ್ಯಾಂಪಿಂಗ್ ಸಾಮಾನು. ಆ ಬೆಲೆಯ ಮುಂದಿನ ಅಕ್ಷರದಲ್ಲೇ ಕಾಲ ಇದೆ. ಡಿಎಂ ಅಂದರೆ 1964ಕ್ಕಿಂತ ಹಿಂದೆ. ಎಂಡಿಎನ್ ಅಂದರೆ 1964ರಿಂದ 1967ರ ಒಳಗೆ. ಬರೀ ಎಂ ಅಂದರೆ 1968ರ ನಂತರ. ಹೊದಿಕೆಯ ಬಟ್ಟೆಯ ಮೇಲೆ ಮಳೆ ಹನಿ ಬಿದ್ದ ಹಾಗೆ ಸಣ್ಣ ಸಣ್ಣ ಗೆರೆ ಇದ್ದರೆ ಅದು 1965ರಿಂದ ಬಂದ ಪೂರ್ವ ಜರ್ಮನಿಯ ಸಮವಸ್ತ್ರದ ವಿನ್ಯಾಸ. ನನ್ನ ಬಾಟಲಿಯ ತಳದಲ್ಲಿ ಎಂಡಿಎನ್ ಇತ್ತು. ತಳವನ್ನು ನಾನು ನೋಡಿರಲೇ ಇಲ್ಲ.

ಪಶ್ಚಿಮದ ಕಡೆಯದಾದರೆ ಉದ್ದನೆಯ ನಂಬರ್ ಹುಡುಕಿ. ನಾಲ್ಕು ಅಂಕಿ, ಆಮೇಲೆ 12, ಆಮೇಲೆ ಮೂರು, ಕೊನೆಗೆ ನಾಲ್ಕು. ಅದು ನ್ಯಾಟೋ ಸಾಮಾನಿನ ನಂಬರ್, 12 ಅಂದರೆ ಜರ್ಮನಿ. ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ್ದು 1955ರಲ್ಲಿ, ಆದ್ದರಿಂದ ಈ ನಂಬರ್ ಇರುವ ಯಾವುದೂ ಎರಡನೇ ಮಹಾಯುದ್ಧದ್ದಲ್ಲ.

ಕಾಪು_ಕಡಲು

ಕೇಳುತ್ತೇನೆ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಸೈನ್ಯ ಏನೇನು ಮಾಡಿತು ಅಂತ ಎಲ್ಲರಿಗೂ ಗೊತ್ತು. ಅವರ ಸಾಮಾನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸು ಹೇಗೆ ಒಪ್ಪುತ್ತದೆ?

ಟೂಲ್‌ರೂಮ್_ಶಿವಣ್ಣ

ಕೇಳಬೇಕಾದ ಪ್ರಶ್ನೆಯೇ. ನಮ್ಮ ತಂದೆ ಆ ಸೈನ್ಯದ ವಿರುದ್ಧ ಹೋರಾಡಿದವರು. ಜೊತೆಗಿದ್ದವರು ಸತ್ತಿದ್ದನ್ನು ಕಂಡವರು. ಆದರೂ ಆ ಬಾಟಲಿಯಿಂದ ನೀರು ಕುಡಿದರು. ಅವರನ್ನು ಕೇಳಬೇಕಿತ್ತು, ನಾನು ಕೇಳಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹದ್ದು, ಪದಕ, ಕಠಾರಿ ನನಗೆ ಬೇಡ, ಮನೆಯೊಳಗೆ ತರುವುದಿಲ್ಲ. ಬಾಟಲಿ, ಡಬ್ಬಿ ಬೇರೆ. ಅದನ್ನು ಸುಳ್ಳು ಹೆಸರಿನಲ್ಲಿ ಮಾರುವವರ ಕೈಗೆ ಬಿಡುವ ಬದಲು ಸರಿಯಾದ ವರ್ಷ ಬರೆದು ಇಡುವುದು ನನಗೆ ಸರಿ ಅನಿಸುತ್ತದೆ. ಮಣ್ಣಿನಿಂದ ಅಗೆದು ತಂದ ಸಾಮಾನನ್ನೂ ಮುಟ್ಟಬೇಡಿ ಅಂತ ಹೇಳುತ್ತೇನೆ. ಅದರ ಜೊತೆ ಒಬ್ಬ ಮನುಷ್ಯನ ಮೂಳೆ ಇರಬಹುದು, ಅವನ ಗುರುತಿನ ಬಿಲ್ಲೆ ಇರಬಹುದು. ಆ ಬಿಲ್ಲೆಯ ಮೇಲೆ ಹೆಸರು ಇರುವುದಿಲ್ಲ, ತುಕಡಿ ಮತ್ತು ನಂಬರ್ ಇರುತ್ತದೆ. ಯಾರೋ ಅದನ್ನು ಕಿತ್ತು ಮಾರಿದರೆ ಅವನು ಯಾರು ಅಂತ ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಸಿಂಧು_ಫ್ಯೂರ್ತ್

ಶಿವಣ್ಣ ಸರ್, ನಿಮ್ಮ ಹೆಬ್ಬೆರಳಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಟಾರ್ಚ್ ಹಿಡಿದೆ.

ಊಟದ ಡಬ್ಬಿಯಲ್ಲಿ ಹಿಡಿಯ ಪಕ್ಕ, ಬಣ್ಣದ ಅಡಿಯಲ್ಲಿ 61 ಅಂತ ಕಾಣಿಸಿತು. ನೀವು ಹೇಳಿದ ಹಾಗೇ ಆಯಿತು. ಆ ಅಜ್ಜಿ ಪೆಟ್ಟಿಗೆಯ ಮೇಲೆ ತಮ್ಮ ಫೋನ್ ನಂಬರ್ ಬರೆದುಕೊಟ್ಟಿದ್ದರು, ಕರೆ ಮಾಡಿದೆ. ಅವರು ಸ್ವಲ್ಪ ಯೋಚಿಸಿ, ತಮ್ಮ ಗಂಡ ಅರವತ್ತರ ದಶಕದಲ್ಲಿ ಕಡ್ಡಾಯ ಸೇವೆಗೆ ಹೋಗಿದ್ದರು, ಅವರದೇ ಇರಬೇಕು ಅಂದರು.

ಎಸ್‌ಬಿಟ್ ಒಲೆಯ ಮೇಲೆ ಡಿಬಿಪಿ ಇದೆ. ಅದೂ ಗಂಡನದೇ ಅನಿಸುತ್ತದೆ.

ಬಾಟಲಿ ಮಾತ್ರ ನಿಜ. 39ರ ಸುತ್ತ ದಿಂಡು ಇದೆ, ಉಗುರಿಗೆ ತಾಗುತ್ತದೆ. ಲೋಟದ 41ರ ತಳದಲ್ಲಿ ಕಪ್ಪು ಉಳಿದಿದೆ. ಆಯಸ್ಕಾಂತ ಎರಡಕ್ಕೂ ಕಚ್ಚಲಿಲ್ಲ. ಪಟ್ಟಿಯ ಒಳಗೆ ಒಂದು ಊರಿನ ಹೆಸರಿನ ಕೊನೆ ಮತ್ತು 1940 ಓದಲು ಬರುತ್ತದೆ. ಟಿಚ್ ಬಟನ್‌ಗಳನ್ನು ಒಂದೊಂದಾಗಿ ಬಿಚ್ಚಿದೆ. ಕೊನೆಯದು ಹಸಿರು ಕಿಲುಬು ಹಿಡಿದು ಕೂತಿತ್ತು, ಬಲವಂತ ಮಾಡಲಿಲ್ಲ. ಹೊದಿಕೆಯನ್ನು ಅಷ್ಟೇ ಸರಿಸಿ ನೋಡಿದಾಗ ಬಾಟಲಿಯ ಹೆಗಲಿನ ಮೇಲೆ ಮೊಳೆಯಿಂದ ಗೀಚಿದ ಎರಡು ಅಕ್ಷರ. ಅಜ್ಜಿಯ ಅಪ್ಪನ ಹೆಸರಿನ ಮೊದಲಕ್ಷರ ಕೇಳಿದೆ. ಎರಡೂ ಹೊಂದುವುದಿಲ್ಲ. ಹಾಗಾದರೆ ಇದು ಯಾರದು? ಹುಡುಕಲು ದಾರಿ ಇದೆಯಾ?

ಟೂಲ್‌ರೂಮ್_ಶಿವಣ್ಣ

ಎರಡು ಅಕ್ಷರದಿಂದ ಆಗುವುದಿಲ್ಲ, ಸಿಂಧು ಅವರೇ. ಸೈನಿಕರ ಹಳೆಯ ದಾಖಲೆಗಳು ಬರ್ಲಿನ್‌ನಲ್ಲಿ ಬುಂಡೆಸ್‌ಆರ್ಕೀವ್ (ಜರ್ಮನಿಯ ರಾಷ್ಟ್ರೀಯ ದಾಖಲೆಗಳ ಕಚೇರಿ) ಹತ್ತಿರ ಇವೆ. ಮೊದಲು ಅದಕ್ಕೆ ಬೇರೆಯೇ ಕಚೇರಿ ಇತ್ತು, 2019ರಿಂದ ಇವರಲ್ಲಿ ಸೇರಿದೆ. ಅಲ್ಲಿ ಹುಡುಕಿಸಲು ಪೂರ್ತಿ ಹೆಸರು, ಹುಟ್ಟಿದ ದಿನ ಬೇಕು. ಸತ್ತವರ ಸಮಾಧಿ ಹುಡುಕಲು ಫೋಲ್ಕ್ಸ್‌ಬುಂಡ್ ಅನ್ನುವ ಸಂಸ್ಥೆಯ ಪಟ್ಟಿ ಇದೆ, ಅದಕ್ಕೂ ಹೆಸರು ಬೇಕು. ಅಜ್ಜಿಯ ಅಪ್ಪನ ಬಗ್ಗೆ ಬೇಕಾದರೆ ಅವರೇ ಅರ್ಜಿ ಹಾಕಬಹುದು. ಅವರಿಗೆ ಮನಸ್ಸಿದ್ದರೆ ನೀವು ಫಾರಂ ತುಂಬಿಕೊಡಿ.

ಬಾಟಲಿ ಕೈಯಿಂದ ಕೈಗೆ ಹೋಗಿರುತ್ತದೆ. ಆಸ್ಪತ್ರೆಯಲ್ಲಿ, ಡಿಪೋದಲ್ಲಿ ಒಬ್ಬರದು ಇನ್ನೊಬ್ಬರಿಗೆ ಬಂದಿರುತ್ತದೆ. ಅಜ್ಜಿಯ ಅಪ್ಪ ಅದನ್ನು ಹೊತ್ತಿದ್ದೂ ನಿಜ ಇರಬಹುದು, ಅವರಿಗಿಂತ ಮೊದಲು ಇನ್ನೊಬ್ಬ ಗೀಚಿದ್ದೂ ನಿಜ ಇರಬಹುದು.

ಕೊನೆಯ ಬಟನ್ ಬಲವಂತ ಮಾಡದೆ ಬಿಟ್ಟಿರಲ್ಲ, ತುಂಬಾ ಸಂತೋಷವಾಯಿತು. ಫೆಲ್ಟ್ ಹರಿದರೆ ಮತ್ತೆ ಸರಿಹೋಗುವುದಿಲ್ಲ. ಇಡುವಾಗ ಚರ್ಮದ ಪಟ್ಟಿಯ ಬಕಲ್ ಬಿಚ್ಚಿ ಸಡಿಲ ಬಿಡಿ, ಬಿಗಿದಿಟ್ಟರೆ ಮಡಿಕೆಯಲ್ಲಿ ಸೀಳುತ್ತದೆ. ಮುಚ್ಚಳ ಬಿಗಿಯಬೇಡಿ, ಒಳಗೆ ಗಾಳಿ ಆಡಲಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ. ನುಸಿ ಫೆಲ್ಟ್ ತಿನ್ನುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಒಂದು ಚೀಟಿಯಲ್ಲಿ ಬಾಟಲಿ 39, ಪಟ್ಟಿ 40, ಲೋಟ 41, ಗೀಚಿದ ಎರಡು ಅಕ್ಷರ, ಎಲ್ಲಿ ಯಾರಿಂದ ಬಂತು ಅಂತ ಪೆನ್ಸಿಲ್‌ನಲ್ಲಿ ಬರೆದು ಜೊತೆಗಿಡಿ. ಆ ಗೀಚಿದ ಅಕ್ಷರಗಳ ಫೋಟೊ ಪಕ್ಕದ ಬೆಳಕಿನಲ್ಲಿ ತೆಗೆದು ಹಾಕುತ್ತೀರಾ? ಮೊಳೆಯಿಂದ ಗೀಚಿದ್ದೋ, ಚಾಕುವಿನ ತುದಿಯಿಂದಲೋ ನೋಡಬೇಕು ಅನಿಸಿದೆ.